ಪಾಲಿಶ್ ಮೆಷಿನ್ ಹೊಳಪು ಹಚ್ಚುವುದಿಲ್ಲ, ಬಣ್ಣ ತೆಗೆಯುತ್ತದೆ



ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಹುಡುಗರಲ್ಲಿ ಈಗ ಒಂದು ಹೊಸ ಹವ್ಯಾಸ ಕಾಣುತ್ತಿದೆ. ಮನೆಯ ಕಾರಿಗೆ ತಾವೇ ಮೆಷಿನ್ ಪಾಲಿಶ್ ಮಾಡುವುದು. ಗಲ್ಫಿನಿಂದ ರಜೆಗೆ ಬಂದವರು ಮೆಷಿನ್ ತರುತ್ತಾರೆ, ಉಳಿದವರು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಕೈಕೆಲಸ ಕಲಿಯುವ ಉಮೇದು ಒಳ್ಳೆಯದೇ. ನನ್ನ ಬಳಿಯೂ ಒಂದು ಮೆಷಿನ್ ಇದೆ, ಹಾಗಾಗಿ ಬೇಡ ಎಂದು ಹೇಳಲು ಬಂದವನಲ್ಲ. ಆದರೆ ಈ ಕೆಲಸದಲ್ಲಿ ಚೆನ್ನಾಗಿ ಉಜ್ಜುವವನಿಗಿಂತ ಎಲ್ಲಿ ನಿಲ್ಲಿಸಬೇಕೆಂದು ತಿಳಿದವನೇ ಮೇಲು. ಒಂದೂ ಗೀರು ಉಳಿಯಬಾರದು ಎಂಬ ಹಠವೇ ಹೆಚ್ಚಿನ ಕಾರುಗಳನ್ನು ಹಾಳು ಮಾಡುವುದು.

ಪಾಲಿಶ್ ಎಂದ ಕೂಡಲೇ ನಮಗೆ ಶೂ ಪಾಲಿಶ್ ನೆನಪಾಗುತ್ತದೆ, ಏನೋ ಮೇಲಿಂದ ಹಚ್ಚುತ್ತೇವೆ ಎಂದುಕೊಳ್ಳುತ್ತೇವೆ. ಹಳೆಯ ಮನೆಗಳ ಮೊಸಾಯಿಕ್ ನೆಲವನ್ನು ಮೆಷಿನ್ ಇಟ್ಟು ಉಜ್ಜುವುದನ್ನು ನೋಡಿದ್ದೀರಲ್ಲ, ಕಾರಿನದು ಆ ಜಾತಿಯ ಕೆಲಸ. ಗೀರನ್ನು ತುಂಬಿಸುವುದಲ್ಲ, ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಮೇಲ್ಮೈಯನ್ನು ಇಳಿಸುವುದು.

ಇಳಿಸಲು ಎಷ್ಟು ಇದೆ? ಈಗಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲಾ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಆಸುಪಾಸು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಝೆರಾಕ್ಸ್ ಅಂಗಡಿಯ ಕಾಗದ ಸುಮಾರು 100 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ನಮ್ಮ ಇಡೀ ಆಟ ಅರ್ಧ ಕಾಗದದೊಳಗೆ! ಹಗುರವಾದ ಪಾಲಿಶ್ ಒಂದು ಮೈಕ್ರಾನ್ ಆಸುಪಾಸು ತೆಗೆದರೆ, ಒರಟು ಕಾಂಪೌಂಡ್ ಹಲವು ಮೈಕ್ರಾನ್ ತೆಗೆಯಬಹುದು. ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಇದು ತೀರಾ ತೆಳ್ಳಗಾದರೆ ಆಮೇಲೆ ಬಾನೆಟ್ ಮೇಲೆ ಬಿಳಿಚಿಕೊಂಡು ಹಕ್ಕಳೆ ಏಳುತ್ತದೆ. ಆಗ ಹೊಸ ಪೇಂಟಿಂಗ್ ಒಂದೇ ದಾರಿ.

ಇನ್ನು ಬಿಸಿಲಿನಲ್ಲಿ ಕಾಣುವ ಆ ಜೇಡರ ಬಲೆ. ಸೂರ್ಯನ ಪ್ರತಿಬಿಂಬದ ಸುತ್ತ ವೃತ್ತವೃತ್ತವಾಗಿ ಕಾಣುವುದರಿಂದ, ವೃತ್ತಾಕಾರದಲ್ಲಿ ಒರೆಸಿದ್ದೇ ತಪ್ಪು ಎಂದು ಹೇಳುವವರಿದ್ದಾರೆ. ನಿಜವಾಗಿ ಗೀರುಗಳು ಎಲ್ಲಾ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಆ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತವೆ. ಸಂಶಯವಿದ್ದರೆ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಸರಿಸಿ ನೋಡಿ, ಬಲೆಯೂ ಟಾರ್ಚಿನ ಜೊತೆಗೇ ಸರಿಯುತ್ತದೆ. (ಬಿಎಸ್ಸಿ ಓದಿದ್ದು ಇಷ್ಟಕ್ಕಾದರೂ ಬಂತು.)

ಮೆಷಿನ್ ವಿಷಯಕ್ಕೆ ಬಂದರೆ ನನ್ನ ಮಾತು ಸ್ಪಷ್ಟ: ಹವ್ಯಾಸಿಗೆ ರೋಟರಿ ಬೇಡ. ಎರಡು ಮೂರು ಸಾವಿರಕ್ಕೆ ಸಿಗುತ್ತದೆ ಎಂಬುದೇ ಅದರ ಆಕರ್ಷಣೆ. ರೋಟರಿ ಒಂದೇ ಅಕ್ಷದ ಸುತ್ತ ಗಿರಗಿರನೆ ತಿರುಗುತ್ತದೆ. ಒಂದೇ ಕಡೆ ಎರಡು ಕ್ಷಣ ಹೆಚ್ಚು ನಿಂತರೂ ಅಲ್ಲಿ ಬಿಸಿ ಏರುತ್ತದೆ. ಪಳಗಿದ ಕೈ ಅಲ್ಲದಿದ್ದರೆ ಗೀರು ಹೋಗಿ ಅದರ ಜಾಗದಲ್ಲಿ ಹೊಲೊಗ್ರಾಮ್ ಎನ್ನುವ ಅಲೆಅಲೆಯ ಗುರುತು ಬರುತ್ತದೆ. ಡ್ಯುಯಲ್ ಆಕ್ಷನ್ ಮೆಷಿನ್ ತಿರುಗುವುದರ ಜೊತೆಗೆ ಪಕ್ಕಕ್ಕೂ ಸುತ್ತುತ್ತದೆ. ಆ ಸುತ್ತು ಮಾಡೆಲಿಗೆ ತಕ್ಕಂತೆ 8, 15 ಅಥವಾ 21 ಮಿಲಿಮೀಟರ್ ಇರುತ್ತದೆ. ಸಾಮಾನ್ಯ ಡ್ಯುಯಲ್ ಆಕ್ಷನ್ ಮೆಷಿನನ್ನು ಜೋರಾಗಿ ಒತ್ತಿದರೆ ಪ್ಯಾಡ್ ತಿರುಗುವುದೇ ನಿಂತುಬಿಡುತ್ತದೆ. ಇದನ್ನು ಕೆಲವರು ದೋಷ ಎನ್ನುತ್ತಾರೆ, ನನಗೆ ಅದೇ ಅದರ ದೊಡ್ಡ ಗುಣ. ಪ್ಯಾಡ್ ಹಿಡಿಯುವ ತಟ್ಟೆಯ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಳ್ಳಿ, ತಿರುಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಆಮೇಲಿನ ಕ್ರಮ ತಾಳ್ಮೆಯದು. ನೆರಳಿನಲ್ಲಿ, ತಣ್ಣಗಿರುವ ಬಾನೆಟ್‌ನಲ್ಲಿ ಎರಡಡಿ ಚೌಕದ ಒಂದು ಜಾಗ ಆರಿಸಿ, ಅತ್ಯಂತ ಮೆತ್ತಗಿನ ಪ್ಯಾಡ್ ಮತ್ತು ನಯವಾದ ಪಾಲಿಶಿನಿಂದ ಶುರು ಮಾಡಿ. ಅಡ್ಡ ಒಂದು ಸಲ, ಉದ್ದ ಒಂದು ಸಲ, ನಿಧಾನವಾಗಿ ಸಾಗಿ. ಮುಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಒರೆಸಿ ನೋಡಬೇಕು, ಏಕೆಂದರೆ ಪಾಲಿಶಿನಲ್ಲಿರುವ ಎಣ್ಣೆ ಗೀರನ್ನು ಮುಚ್ಚಿ ನಮಗೆ ಸುಳ್ಳು ಹೇಳುತ್ತದೆ. ಸಾಕೆನಿಸಿದರೆ ಇಡೀ ಕಾರಿಗೆ ಅಷ್ಟೇ. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಿಗೆ ಹೋಗಿ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಬಣ್ಣ ತೆಳ್ಳಗೆ, ಅಲ್ಲಿ ಟೇಪ್ ಅಂಟಿಸಿ. ಪ್ಲಾಸ್ಟಿಕ್ ಬಂಪರ್ ತಗಡಿನಂತೆ ಬಿಸಿಯನ್ನು ಹರಡುವುದಿಲ್ಲ, ಬೇಗ ಸುಡುತ್ತದೆ. ಉಗುರು ಆಡಿಸಿದಾಗ ಸಿಕ್ಕಿಹಾಕಿಕೊಳ್ಳುವ ಗೀರನ್ನು ಬಿಟ್ಟುಬಿಡಿ, ಅದು ಪಾಲಿಶಿಗೆ ಹೋಗುವಂಥದ್ದಲ್ಲ.

ದಪ್ಪ ಅಳೆಯುವ ಮೀಟರ್ ಇದ್ದರೆ ಧೈರ್ಯವಾಗಿ ಉಜ್ಜಬಹುದು ಎನ್ನುವವರಿಗೆ ಒಂದು ಮಾತು. ನಮಗೆ ಸಿಗುವ ಸಾಮಾನ್ಯ ಮೀಟರ್ ಎಲ್ಲಾ ಪದರಗಳ ಒಟ್ಟು ದಪ್ಪ ತೋರಿಸುತ್ತದೆಯೇ ಹೊರತು ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂದಲ್ಲ. ಪ್ಲಾಸ್ಟಿಕ್ ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನ ಮಾಲೀಕರು ಎಷ್ಟು ಸಲ ಉಜ್ಜಿಸಿದ್ದಾರೋ ಯಾರು ಬಲ್ಲರು?

ಇದೇ ಕಾರಣಕ್ಕೆ ನಮ್ಮ ಯುವ ಘಟಕದ ಸಭೆಯಲ್ಲಿ ಬಂದ ಒಂದು ಸಲಹೆಯನ್ನು ನಾನು ವಿರೋಧಿಸಿದೆ. ಒಂದು ಕುಟುಂಬದ ಮನೆ ರಿಪೇರಿಗೆ ಹಣ ಕೂಡಿಸಲು ಚರ್ಚ್ ವಠಾರದಲ್ಲಿ ಕಾರು ತೊಳೆಯುವ ಜೊತೆಗೆ ಮೆಷಿನ್ ಪಾಲಿಶನ್ನೂ ಮಾಡಿಕೊಡೋಣ, ಮದುವೆ ಸೀಸನ್ ಬೇರೆ, ಒಳ್ಳೆಯ ದುಡ್ಡು ಬರುತ್ತದೆ ಎಂಬುದು ಸಲಹೆ. ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಮೇಲಿನ ಪ್ರೀತಿಯಿಂದ ಕೀಲಿಕೈ ಕೊಟ್ಟುಹೋಗುವ ಅಂಕಲ್‌ನ ಕಾರು ನಮ್ಮ ಕಲಿಕೆಯ ಹಲಗೆಯಲ್ಲ. ಒಂದು ಏಣಿನಲ್ಲಿ ಬಣ್ಣ ಸುಟ್ಟುಹೋದರೆ ಅವರು ನಮ್ಮೆದುರು ಏನೂ ಹೇಳಲಾರರು, ಯುವಜನರಲ್ಲವೇ ಎಂದು ನುಂಗಿಕೊಳ್ಳುತ್ತಾರೆ. ಆ ನುಂಗಿಕೊಳ್ಳುವುದೇ ನನಗೆ ಬೇಡ. "ನಿನಗೆ ಭಯ ಜಾಸ್ತಿ ಮಾರಾಯ" ಎಂದರು ಕೆಲವರು. ಇರಲಿ.

ತೊಳೆಯುವುದನ್ನು ಮಾತ್ರ ಖಂಡಿತ ಮಾಡೋಣ, ಚೆನ್ನಾಗಿ ಮಾಡೋಣ. ಗೀರುಗಳು ಹುಟ್ಟುವುದು ಹೆಚ್ಚಾಗಿ ತೊಳೆಯುವಾಗಲೇ. ನಮ್ಮೂರಿನ ಕೆಂಪುಕಲ್ಲಿನ ಹುಡಿ, ಅದರ ಮೇಲೆ ಹೆದ್ದಾರಿಯ ಧೂಳು, ಇವನ್ನು ಒಣ ಬಟ್ಟೆಯಿಂದ ಒರೆಸುವುದೆಂದರೆ ಸ್ಯಾಂಡ್‌ಪೇಪರ್ ಹಾಕಿದಂತೆ. ಮೊದಲು ಪೈಪಿನಿಂದ ನೀರು ಬಿಟ್ಟು ಹುಡಿ ಇಳಿಸಬೇಕು. ಶಾಂಪೂ ನೀರಿಗೆ ಒಂದು ಬಕೆಟ್, ಬಟ್ಟೆ ಜಾಲಾಡಲು ಇನ್ನೊಂದು. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ಮುಟ್ಟಿಸಬಾರದು. ಹೀಗೆ ತೊಳೆದರೆ ಪಾಲಿಶಿನ ಅಗತ್ಯ ವರ್ಷಗಟ್ಟಲೆ ಬಾರದು.

ಮೆಷಿನ್ ಈಗಾಗಲೇ ಕೊಂಡವರು ಗುಜರಿಯಿಂದ ಒಂದು ಹಳೆಯ ಬಾನೆಟ್ ತನ್ನಿ. ಅರ್ಧಕ್ಕೆ ಟೇಪ್ ಹಚ್ಚಿ ಉಳಿದರ್ಧ ಉಜ್ಜಿ. ಕೊನೆಗೆ ಏಣಿನ ಮೇಲೆ ಬೇಕೆಂದೇ ಒತ್ತಿ ಹಿಡಿದು, ಬಣ್ಣ ಎಷ್ಟು ಬೇಗ ಹೋಗುತ್ತದೆ ಎಂದು ನೋಡಿ. ನಮ್ಮ ಮನೆಯ ಹಿಂದೆ ಅಂಥದ್ದೊಂದು ಬಾನೆಟ್ ಬಿದ್ದಿದೆ. ಭಾನುವಾರ ಬಲಿಪೂಜೆ ಮುಗಿಸಿ ಬಂದರೆ ಅದರ ಮೇಲೆ ಕೈಯಾಡಿಸಬಹುದು, ಪ್ಯಾಡ್ ಮಾತ್ರ ನೀವೇ ತನ್ನಿ.