ವ್ಯಾಟಿನ ಲೆಕ್ಕ, ಕಿವಿಯ ಲೆಕ್ಕ

ಕಾಗಿಣಾ ನದಿಯ ದಂಡೆಯ ಮೇಲಿನ ದಂಡೋತಿಯಲ್ಲಿ ನನ್ನ ಸ್ನೇಹಿತರೊಬ್ಬರ ಮನೆಯಿದೆ. ಈಚೆಗೆ ಹೋದಾಗ ಅಲ್ಲಿ ತಂದೆ ಮಗನ ನಡುವೆ ಸಣ್ಣದೊಂದು ತಕರಾರು ನಡೆದಿತ್ತು. ಮಗ ಪಿಯುಸಿ ವಿದ್ಯಾರ್ಥಿ; ಓದಿನ ಜೊತೆಗೆ ಗಿಟಾರಿನ ಹುಚ್ಚು. ಅವನಿಗೆ ಹೊಸ ಆಂಪ್ಲಿಫೈಯರ್ ಬೇಕು. ತಂದೆ ಮೂಲೆಯಲ್ಲಿ ದೂಳು ಹಿಡಿದು ಕೂತಿದ್ದ ಕಬ್ಬಿಣದ ಪೆಟ್ಟಿಗೆಯೊಂದನ್ನು ತೋರಿಸುತ್ತಿದ್ದರು. ಅದು ಅವರ ತಂದೆಯ ಕಾಲದ ವಾಲ್ವ್ ಆಂಪ್ಲಿಫೈಯರ್. ಒಂದು ಕಾಲಕ್ಕೆ ಮದುವೆ, ಜಾತ್ರೆಗಳಿಗೆ ಬಾಡಿಗೆಗೆ ಹೋಗುತ್ತಿದ್ದದ್ದು. ಅದರ ಮೇಲೆ ‘30 ವ್ಯಾಟ್’ ಎಂದು ಬರೆದಿತ್ತು.

‘ಮೂವತ್ತು ವ್ಯಾಟ್ ಯಾತಕ್ಕೂ ಸಾಲಂಗಿಲ್ಲಪ್ಪಾ, ನೂರು ವ್ಯಾಟಿಂದು ಕೊಡ್ಸು’ ಎಂದ ಮಗ.

‘ಇದೇ ಡಬ್ಬಿ ಇಡೀ ಜಾತ್ರಿಗೆ ಸಾಲ್ತಿತ್ತು. ನಿನ್ನೊಬ್ಬನಿಗೆ ಸಾಲಂಗಿಲ್ಲೇನು?’ ಎಂದರು ತಂದೆ.

ಇಬ್ಬರ ಮಾತೂ ಅರ್ಧರ್ಧ ಸರಿ. ಉಳಿದರ್ಧ ತಿಳಿಯಬೇಕಾದರೆ ಆ ಪೆಟ್ಟಿಗೆಯೊಳಗೆ ನಡೆಯುವುದೇನು, ನಮ್ಮ ಕಿವಿ ಅದನ್ನು ಅಳೆಯುವುದು ಹೇಗೆ ಎಂಬುದನ್ನು ನೋಡಬೇಕು.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗಿನ ತಂತು ಕೆಂಪಗೆ ಕಾದಾಗ ಋಣಾಗ್ರದಿಂದ ಇಲೆಕ್ಟ್ರಾನುಗಳು ಹೊರಟು ಧನಾಗ್ರದತ್ತ ಹಾರುತ್ತವೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಇಂಥ ಬುರುಡೆಯನ್ನು ರೂಪಿಸಿದರು. ಎರಡು ವರ್ಷಗಳ ನಂತರ ಅಮೆರಿಕದ ಲೀ ಡಿ ಫಾರೆಸ್ಟ್ ಈ ಎರಡರ ನಡುವೆ ಒಂದು ಜಾಲರಿಯನ್ನು ಇಟ್ಟರು. ಕಾಲುವೆಯ ತೂಬನ್ನು ಬೆರಳಷ್ಟು ಎತ್ತಿದರೆ ಹೊಲ ತುಂಬುವಷ್ಟು ನೀರು ನುಗ್ಗುತ್ತದಲ್ಲವೇ? ಹಾಗೆಯೇ ಜಾಲರಿಗೆ ಬರುವ ಗಿಟಾರಿನ ಪುಟ್ಟ ವಿದ್ಯುತ್ ಸಂಕೇತವು ಧನಾಗ್ರದತ್ತ ಹರಿಯುವ ದೊಡ್ಡ ಪ್ರವಾಹವನ್ನು ಕುಣಿಸುತ್ತದೆ. ಆಂಪ್ಲಿಫೈಯರಿನ ಮೂಲತತ್ವ ಇಷ್ಟೇ.

ಸ್ನೇಹಿತರ ಪೆಟ್ಟಿಗೆಯ ಹಿಂಬದಿಯ ಕಿಂಡಿಯಲ್ಲಿ ಇಣುಕಿದಾಗ ಒಂದು ಬುರುಡೆಯ ಮೇಲೆ ‘ಬಿಇಎಲ್’ ಎಂಬ ಅರ್ಧ ಅಳಿಸಿದ ಅಕ್ಷರಗಳು ಕಂಡವು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಿಂದ ವಾಲ್ವ್‌ಗಳನ್ನು ತಯಾರಿಸತೊಡಗಿತು. ನಮ್ಮ ಹಿರಿಯರ ಎಷ್ಟೋ ರೇಡಿಯೋಗಳು ಹಾಡಿದ್ದು ಈ ಬುರುಡೆಗಳಿಂದಲೇ. ಈಗ ಅಲ್ಲಿ ಅವು ತಯಾರಾಗುವುದಿಲ್ಲ. ಆದರೆ ಬಿಇಎಲ್ ಮಾಡಿದ ‘ಇಎಲ್ 84’ ಮಾದರಿಯ ಹಳೆಯ ವಾಲ್ವ್‌ಗಳನ್ನು ಹೊರದೇಶಗಳ ಗಿಟಾರ್ ವಾದಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಅದಕ್ಕೆ ಕಾರಣವಿದೆ. 1960ರ ದಶಕದ ಆರಂಭದಲ್ಲಿ ಬೀಟಲ್ಸ್ ತಂಡ ಬಳಸಿದ ಪ್ರಸಿದ್ಧ ವೋಕ್ಸ್ ಎಸಿ 30 ಆಂಪ್ಲಿಫೈಯರಿನಲ್ಲಿ ಇದ್ದದ್ದು ಇದೇ ಮಾದರಿಯ ನಾಲ್ಕು ವಾಲ್ವ್‌ಗಳು. ಅದರ ಶಕ್ತಿಯೂ ಸುಮಾರು 30 ವ್ಯಾಟ್.

ಹಾಗಾದರೆ 100 ವ್ಯಾಟಿನ ಸೆಟ್ಟು ಇದರ ಮೂರು ಪಟ್ಟು ಜೋರಾಗಿ ಕೇಳಬೇಕಲ್ಲವೇ? ಇಲ್ಲ. ನಮ್ಮ ಕಿವಿ ದಿನಸಿ ಅಂಗಡಿಯ ತಕ್ಕಡಿಯಲ್ಲ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಏರುವುದು ಕೇವಲ 3 ಡೆಸಿಬೆಲ್. ‘ಹೌದು, ತುಸು ಏರಿದೆ’ ಎನ್ನಬಹುದಾದಷ್ಟು. ಸದ್ದು ಎರಡು ಪಟ್ಟಾಯಿತು ಎಂದು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಮೂವತ್ತರಿಂದ ನೂರಕ್ಕೆ ಹೋದರೆ ಸಿಗುವುದು ಐದು ಡೆಸಿಬೆಲ್ ಚಿಲ್ಲರೆ. ಹಣ ಮೂರು ಪಟ್ಟು ಕೊಟ್ಟರೂ ಕಿವಿಗೆ ಅದು ಒಂದೂವರೆ ಪಟ್ಟನ್ನೂ ದಾಟುವುದಿಲ್ಲ.

ಎರಡನೆಯ ಗುಟ್ಟು ಸ್ಪೀಕರಿನದು. ಒಂದೇ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ, ಮನೆಯ ಸಾಮಾನ್ಯ ಸ್ಪೀಕರ್ 87 ಡೆಸಿಬೆಲ್ ಆಸುಪಾಸು ಕೊಡುತ್ತದೆ. ಒಳ್ಳೆಯ ಗಿಟಾರ್ ಸ್ಪೀಕರ್ 97ರಿಂದ 100. ಈ ಹತ್ತು ಡೆಸಿಬೆಲ್ ಅಂತರವೆಂದರೆ ಹತ್ತು ಪಟ್ಟು ವ್ಯಾಟಿಗೆ ಸಮ. ಜಾತ್ರೆಯಲ್ಲಿ ಮರದ ಕೊಂಬೆಗೆ ಕಟ್ಟುತ್ತಿದ್ದ ತುತ್ತೂರಿ ಸ್ಪೀಕರ್ ಇವೆಲ್ಲಕ್ಕಿಂತ ಚುರುಕು. ಅಜ್ಜನ ಡಬ್ಬಿ ಇಡೀ ಜಾತ್ರೆಗೆ ಕೇಳುತ್ತಿದ್ದುದರ ಅರ್ಧ ಯಶಸ್ಸು ಆ ತುತ್ತೂರಿಗೆ ಸಲ್ಲಬೇಕು.

ಮೂರನೆಯದು ವಾಲ್ವಿನ ಸ್ವಭಾವ. 30 ವ್ಯಾಟ್ ಎನ್ನುವುದು ನಾದ ಹೆಚ್ಚು ಕೆಡದಂತೆ ಕೊಡಬಲ್ಲ ಶಕ್ತಿ. ಗಿಟಾರ್ ವಾದಕ ಬೇಕೆಂದೇ ಆ ಮಿತಿಯನ್ನು ದಾಟುತ್ತಾನೆ. ಆಗ ಅಲೆಯ ತಲೆ ಚಪ್ಪಟೆಯಾಗುತ್ತದೆ. ಪೂರ್ತಿ ಚೌಕಾಕಾರವಾದ ಅಲೆಯಲ್ಲಿ ಅಷ್ಟೇ ಎತ್ತರದ ದುಂಡನೆಯ ಅಲೆಗಿಂತ ಎರಡು ಪಟ್ಟು ಶಕ್ತಿಯಿರುತ್ತದೆ. ಆದ್ದರಿಂದ 30 ವ್ಯಾಟಿನ ವಾಲ್ವ್ ಸೆಟ್ಟು ಎಳೆದು ನುಡಿಸಿದಾಗ ಬರೆದ ಅಂಕಿಯನ್ನು ಮೀರಿ ಕೊಡುತ್ತದೆ. ಟ್ರಾನ್ಸಿಸ್ಟರ್ ಸೆಟ್ಟೂ ಹೀಗೆ ಮೀರಬಲ್ಲದು. ಆದರೆ ಅದು ಸಾಮಾನ್ಯವಾಗಿ ಅಲೆಯ ತಲೆಯನ್ನು ಕತ್ತರಿಯಿಂದ ಕತ್ತರಿಸಿದಂತೆ ತಟ್ಟನೆ ಕತ್ತರಿಸುತ್ತದೆ. ಕಿವಿಗೆ ಕರ್ಕಶ. ವಾಲ್ವ್ ನಿಧಾನವಾಗಿ ಬಗ್ಗಿಸುತ್ತದೆ. ಆಗ ಮೂಲಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನದ ಉಪಸ್ವರಗಳು ಹೆಚ್ಚಾಗಿ ಸೇರುತ್ತವೆ. ಎರಡು ಪಟ್ಟು ಎಂದರೆ ತಾರ ಷಡ್ಜ. ಮೂರು ಪಟ್ಟು ಎಂದರೆ ಅದರ ಮೇಲಿನ ಪಂಚಮ. ತಂಬೂರಿ ಶ್ರುತಿ ಮಾಡುವವರಿಗೆ ಇವು ಮನೆಯ ನೆಂಟರೇ. ನಾದ ತುಂಬಿ ಬಂದಂತೆ ಅನ್ನಿಸುವುದು ಇದರಿಂದ.

ಇಲ್ಲಿಗೆ ತಂದೆ ಗೆದ್ದರು ಎಂದು ತಿಳಿಯಬೇಡಿ. ಲೆಕ್ಕದ ಇನ್ನೊಂದು ಮಗ್ಗುಲು ಇಬ್ಬರೂ ಕೇಳಬೇಕಾದದ್ದು. 97 ಡೆಸಿಬೆಲಿನ ಸ್ಪೀಕರಿಗೆ ಬರೀ 5 ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 104 ಡೆಸಿಬೆಲ್ ಆಗುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಈ ಅವಧಿ ಅರ್ಧಕ್ಕೆ ಇಳಿಯಬೇಕು ಎಂಬುದು ತಜ್ಞರು ಬಳಸುವ ಸೂತ್ರ. ನೀವೇ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು... 103ಕ್ಕೆ ಉಳಿಯುವುದು ಏಳೂವರೆ ನಿಮಿಷ! ಐದು ವ್ಯಾಟಿನ ಪೂರ್ತಿ ಸದ್ದಿಗೇ ಈ ಪಾಡಾದರೆ ಮುಚ್ಚಿದ ಕೋಣೆಯಲ್ಲಿ ನೂರು ವ್ಯಾಟಿನ ಗತಿ ಏನು? ಬ್ರಿಟನ್ನಿನ ‘ದ ಹೂ’ ತಂಡದ ಪೀಟ್ ಟೌನ್‌ಶೆಂಡ್ ಅವರು 1965ರ ಸುಮಾರಿಗೆ ನೂರು ವ್ಯಾಟಿನ ವಾಲ್ವ್ ಆಂಪ್ಲಿಫೈಯರುಗಳನ್ನು ಕೇಳಿ ಮಾಡಿಸಿಕೊಂಡವರಲ್ಲಿ ಒಬ್ಬರು. ಮುಂದೆ ತಮ್ಮ ಶ್ರವಣಶಕ್ತಿ ಕುಂದಿದ್ದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡರು.

ಪಾಲಕರಿಗೆ ಎರಡು ಮಾತು. ಮನೆಯ ಅಭ್ಯಾಸಕ್ಕೆ ಐದು, ಹತ್ತು ವ್ಯಾಟ್ ಧಾರಾಳವಾಯಿತು. ಡಬ್ಬಿಯ ಮೇಲಿನ ಅಂಕಿ ನೋಡಿ ಹಣ ಕೊಡಬೇಡಿ. ಸ್ಪೀಕರಿನ ಗುಣ ನೋಡಿ, ಮಗನಿಗೆ ನುಡಿಸಲು ಹೇಳಿ ಕೇಳಿ. 1990ರ ದಶಕದಲ್ಲಿ ಸಣ್ಣ ಟೇಪ್‌ರೆಕಾರ್ಡರುಗಳ ಮೇಲೆ ‘ಪಿಎಂಪಿಓ’ ಹೆಸರಿನಲ್ಲಿ ನೂರಾರು ವ್ಯಾಟಿನ ಅಂಕಿ ಅಚ್ಚಾಗಿ ಎಷ್ಟು ಜನ ಮೋಸಹೋದರು ಎಂಬುದು ನಿಮಗೆ ನೆನಪಿರಬೇಕು.

ವಿದ್ಯಾರ್ಥಿಗಳಿಗೆ ಒಂದೇ ಮಾತು, ಆದರೆ ಗಟ್ಟಿಯಾಗಿ: ಹಳೆಯ ವಾಲ್ವ್ ಪೆಟ್ಟಿಗೆಯನ್ನು ನೀವಾಗಿ ಬಿಚ್ಚಬೇಡಿ. ಒಳಗೆ 300 ವೋಲ್ಟಿಗೂ ಹೆಚ್ಚು ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದು ಜೀವ ತೆಗೆಯಬಲ್ಲದು. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟನ್ನು ಬಲ್ಲ ಮೆಕ್ಯಾನಿಕ್ ನೋಡಿದ ಮೇಲೆಯೇ ಚಾಲೂ ಮಾಡಬೇಕು. ಸ್ಪೀಕರ್ ಜೋಡಿಸದೆ ಎಂದೂ ನುಡಿಸಬಾರದು.

ದಂಡೋತಿಯ ತಕರಾರು ಕೊನೆಗೆ ಹೀಗೆ ಬಗೆಹರಿಯಿತು: ಅಜ್ಜನ ಪೆಟ್ಟಿಗೆ ದುರಸ್ತಿಗೆ ಹೋಗುವುದು, ನೂರು ವ್ಯಾಟಿನ ಮಾತು ಸದ್ಯಕ್ಕೆ ನಿಲ್ಲುವುದು. ಸುಟ್ಟ ವಾಲ್ವನ್ನು ಹುಡುಕಿ ಬದಲಿಸಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅವುಗಳ ಬಿಡಿಭಾಗ ಯಾವ ಊರಿನ ಅಂಗಡಿಯಲ್ಲೂ ಸಿಗುವುದಿಲ್ಲ.