ಘಟ್ಟ ಇಳಿಯುವ ಮೂಡುಗಾಳಿ

ಜನವರಿಯಲ್ಲಿ ಹಾನುಬಾಳಿನ ಕಾಫಿ ಕಣಗಳಲ್ಲಿ ಬಿಸಿಲೇರಿದ ಮೇಲೂ ಟಾರ್ಪಾಲಿನ ಮಡಿಕೆಗಳಲ್ಲಿ ಇಬ್ಬನಿ ನಿಂತಿರುತ್ತದೆ. ಅದೇ ದಿನ ಮಧ್ಯಾಹ್ನ ಮಂಗಳೂರಿನಲ್ಲಿ ಫ್ಯಾನಿನಡಿ ಕೂತರೂ ಬೆವರು. ಚಳಿಗಾಲದಲ್ಲಿ ದೇಶದ ಅತಿ ಹೆಚ್ಚಿನ ಉಷ್ಣಾಂಶ ಕರಾವಳಿ ಕರ್ನಾಟಕದಲ್ಲಿ ದಾಖಲಾದ ಸುದ್ದಿ ಆಗಾಗ ಬರುತ್ತದೆ. ಘಟ್ಟದ ಕೆಳಗಿನವರ ಪಾಡು ಅದು ಎಂದು ನಾವು ಪುಟ ತಿರುವುತ್ತೇವೆ. ಆ ಸೆಕೆ ಹೊರಡುವುದು ನಮ್ಮ ಮಗ್ಗುಲಿಂದಲೇ.

ಈ ತಿಂಗಳುಗಳಲ್ಲಿ ಒಳನಾಡಿನ ಒಣಗಾಳಿ ಮೂಡಣದಿಂದ ಬೀಸುತ್ತದೆ. ನಮ್ಮ ಸಕಲೇಶಪುರ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಶಿರಾಡಿ, ಬಿಸಿಲೆಯ ಅಂಚು ದಾಟಿ ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ, ಸೈಕಲ್ ಪಂಪಿನೊಳಗಿನ ಗಾಳಿಯ ಹಾಗೆ ಬಿಸಿಯಾಗುತ್ತದೆ. ಲೆಕ್ಕ ಸರಳ: ಪ್ರತಿ 100 ಮೀಟರಿಗೆ ಹೆಚ್ಚುಕಡಿಮೆ 1 ಡಿಗ್ರಿ. ಇಲ್ಲಿ 26 ಡಿಗ್ರಿ ಇದ್ದದ್ದು ಗುಂಡ್ಯ, ಉಪ್ಪಿನಂಗಡಿ ಕಳೆದು ಕಡಲ ದಂಡೆ ಮುಟ್ಟುವಾಗ 35ರ ಹತ್ತಿರ.

ಅದಕ್ಕೆ ಎದುರಾಗುವುದು ಕಡಲಗಾಳಿ. ನೆಲ ಕಾದು ಅದರ ಮೇಲಿನ ಗಾಳಿ ಹಗುರಾದಾಗ ಸಮುದ್ರದ ತಂಪುಗಾಳಿ ದಡಕ್ಕೆ ನುಗ್ಗುತ್ತದೆ. ಎರಡೂ ಸಂಧಿಸುವಲ್ಲಿ ಒಂದು ಗಡಿ ಮೂಡುತ್ತದೆ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾರ್ವೆಯ ಬರ್ಗೆನ್‌ನಲ್ಲಿ ಹವಾಮಾನ ವಿಜ್ಞಾನಿ ಬ್ಯರ್ಕ್‌ನೆಸ್ ಮತ್ತು ಸಂಗಡಿಗರು ವಿವರಿಸಿದ ಗಡಿಗಳು ನೂರಾರು ಮೈಲಿ ಉದ್ದದವು, ದಿನಗಟ್ಟಲೆ ಬಾಳುವಂಥವು. ನಮ್ಮದು ಹಗಲಿಗೆ ಹುಟ್ಟಿ ರಾತ್ರಿಗೆ ಅಳಿಯುವ ಗಡಿ. ಮೂಡುಗಾಳಿ ಜೋರಾಗಿದ್ದರೆ ಆ ಗಡಿ ಕಡಲ ಮೇಲೆಯೇ ತಡೆದು ನಿಲ್ಲುತ್ತದೆ, ಮಂಗಳೂರು ಬೇಯುತ್ತದೆ. ಮೂಡುಗಾಳಿ ಸಡಿಲಿದರೆ ಗಡಿ ಬಯಲು ದಾಟಿ ಘಟ್ಟದ ಬುಡದತ್ತ ಸರಿಯುತ್ತದೆ. ಅದು ಹಾದುಹೋದದ್ದು ಅಡಿಕೆ ತೋಟದಲ್ಲಿ ನಿಂತವರಿಗೆ ಕೂಡಲೇ ತಿಳಿಯುತ್ತದೆ: ಸೋಗೆಗಳು ಪಡುವಣದಿಂದ ತೂಗತೊಡಗುತ್ತವೆ, ಸೆಕೆ ಇಳಿಯುತ್ತದೆ, ಮೈ ಅಂಟಂಟಾಗುತ್ತದೆ.

ಕಾಫಿ ಒಣಗಿಸುವ ನಮಗೆ ಮೂಡುಗಾಳಿಯೇ ಆಧಾರ. ಬಂಗಾಳ ಕೊಲ್ಲಿ ಕದಡಿದಾಗ ಅದು ಕೈಕೊಡುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತದ ಉಳಿಕೆ ಡಿಸೆಂಬರ್ ಮೊದಲ ದಿನಗಳಲ್ಲಿ ನಮ್ಮ ಮೇಲೆ ಹಾದು ಅರಬ್ಬಿ ಸಮುದ್ರ ಸೇರಿತು. ಅರೇಬಿಕಾ ಕೊಯ್ಲಿನ ಕಾಲ ಅದು. ನೆನೆದ ಹಣ್ಣಿಗೆ ಬೂಸು ಹಿಡಿದರೆ ವರ್ಷದ ದುಡಿಮೆಗೆ ಬೆಲೆಯಿಲ್ಲ.

ಮಳೆಯನ್ನು ಇಂಚು, ಸೆಂಟಿನಲ್ಲಿ ತಲೆಮಾರುಗಳಿಂದ ಬರೆದಿಟ್ಟ ತೋಟಗಳು ಮಲೆನಾಡಿನಲ್ಲಿವೆ. ಇಂಥ ಶ್ರದ್ಧೆ ದೊಡ್ಡ ಆಸ್ತಿ. ಅದೇ ಪುಸ್ತಕದಲ್ಲಿ ಗಾಳಿಗೂ ಒಂದು ಕಾಲಂ ಬೇಕು. ಕಣದಲ್ಲಿ ಹಣ್ಣು ಕೆದರುವಾಗ ಮೂಡಲೋ ಪಡುವಲೋ ಎಂದು ನೋಡಿ ಬರೆದರೆ ಸಾಕು, ಅದಕ್ಕೆ ಯಾವ ಯಂತ್ರವೂ ಬೇಡ. ಹಾನುಬಾಳಿನ ಆ ಕಾಲಮ್ಮನ್ನು ಮಂಗಳೂರಿನ ಪಣಂಬೂರಿನಲ್ಲಿ ದಾಖಲಾದ ಉಷ್ಣಾಂಶದ ಪಕ್ಕದಲ್ಲಿಟ್ಟು ಓದುವ ದಿನ ಬರಲೆಂಬುದು ನನ್ನ ಆಸೆ.