ಕಾಲು ಹೊರಳಿದರೆ ‘ಸೋಮಾರಿ’ ಅನ್ನಬೇಡಿ

ಬೇಸಿಗೆ ರಜೆಯಲ್ಲಿ ತುರುವೇಕೆರೆ ಹತ್ತಿರದ ನೆಂಟರ ತೋಟಕ್ಕೆ ಹೋಗಿದ್ದೆ. ಅಟ್ಟದಿಂದ ಕೊಬ್ಬರಿ ಇಳಿಸಿ ತಿಪಟೂರು ಮಾರುಕಟ್ಟೆಗೆ ಕಳಿಸುವ ಗಡಿಬಿಡಿ. ಮಕ್ಕಳೆಲ್ಲ ತೆಂಗಿನ ಸಾಲಿನಲ್ಲಿ ಓಡಾಡುತ್ತಿದ್ದರೆ, ಬೆಂಗಳೂರಿನಿಂದ ಬಂದಿದ್ದ ಹತ್ತು ವರ್ಷದ ಹುಡುಗಿಯೊಬ್ಬಳು ಮಾತ್ರ ಜಗಲಿ ಬಿಟ್ಟು ಏಳಲಿಲ್ಲ. ‘ಇವಳದ್ದು ಯಾವಾಗಲೂ ಇದೇ ಗೋಳು. ನಾಲ್ಕು ಹೆಜ್ಜೆ ಇಟ್ಟರೆ ಕಾಲು ನೋವು ಅಂತಾಳೆ, ಕಾಲು ಹೊರಳಿತು ಅಂತಾಳೆ. ಬರೀ ಸೋಮಾರಿ’ ಅಂದರು ಅವಳಮ್ಮ. ಹುಡುಗಿ ತಲೆ ತಗ್ಗಿಸಿದಳು.

ಊಟಕ್ಕೆ ಮುಂಚೆ ಕಾಲು ತೊಳೆದು ಒಳಗೆ ಬಂದಾಗ ಗಾರೆ ನೆಲದ ಮೇಲೆ ಅವಳ ಒದ್ದೆ ಹೆಜ್ಜೆ ಮೂಡಿತು. ನಡುವೆ ಬಳುಕೇ ಇಲ್ಲ, ಇಡೀ ಪಾದ ಅಚ್ಚೊತ್ತಿದ ಹಾಗಿತ್ತು. ಹಿಂದೆಯೇ ಬಂದ ಅಮ್ಮನ ಹೆಜ್ಜೆಯೂ ಹಾಗೇ ಇತ್ತು. ‘ನಿಮಗೂ ಸಂಜೆ ಹೊತ್ತಿಗೆ ಹಿಮ್ಮಡಿ, ಕಣಕಾಲು ಸೆಳೀತದಾ?’ ಅಂತ ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ‘ಚಿಕ್ಕವಳಿದ್ದಾಗ ನನ್ನನ್ನೂ ಸೋಮಾರಿ ಅಂತಲೇ ಬೈತಿದ್ದರು’ ಅಂದರು.

ಈ ಮಾತು ನಿಮ್ಮ ಮನೆಯಲ್ಲೂ ಕೇಳಿರಬಹುದು. ಅದಕ್ಕೇ ಈ ವಾರ ಚಪ್ಪಟೆ ಪಾದ ಮತ್ತು ಸಡಿಲ ಕೀಲಿನ ವಿಷಯ.

ಇದು ಏನು?

ನಮ್ಮ ಪಾದದ ಒಳಬದಿಯಲ್ಲೊಂದು ಕಮಾನಿದೆ. ಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜುಗಳು ಮತ್ತು ಸ್ನಾಯುಗಳು ಅದನ್ನು ಎತ್ತಿ ನಿಲ್ಲಿಸುತ್ತವೆ. ಕೆಲವರಿಗೆ ಹುಟ್ಟಿನಿಂದಲೇ ಈ ರಜ್ಜುಗಳು ಸಡಿಲ. ನಿಂತರೆ ಕಮಾನು ಕುಸಿಯುತ್ತದೆ, ಕಣಕಾಲು ಒಳಗೆ ವಾಲುತ್ತದೆ, ಸ್ವಲ್ಪ ಏರುಪೇರಿದ್ದರೂ ಕಾಲು ಹೊರಳುತ್ತದೆ. ಆ ಸಡಿಲತೆಯನ್ನು ಸರಿದೂಗಿಸಲು ಸ್ನಾಯುಗಳು ದಿನವಿಡೀ ದುಡಿಯಬೇಕು. ಬೇರೆ ಮಕ್ಕಳಿಗಿಂತ ಬೇಗ ಸುಸ್ತಾಗುವುದು ಅದಕ್ಕೇ. ಅದು ನಾಟಕವಲ್ಲ.

ಹಾಗಂತ ಗಾಬರಿಯೂ ಬೇಡ. ಪುಟ್ಟ ಮಕ್ಕಳ ಪಾದ ಚಪ್ಪಟೆಯಾಗಿರುವುದೇ ಸಹಜ. ಬೆಳೆಯುತ್ತಾ ಹೆಚ್ಚಿನವರಿಗೆ ಕಮಾನು ಮೂಡುತ್ತದೆ. ದೊಡ್ಡವರಲ್ಲೂ ನೋವಿಲ್ಲದ ಚಪ್ಪಟೆ ಪಾದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ‘ಇಂಥ ಪಾದದ ಹೆಣ್ಣು ಮನೆಗೆ ಆಗಿಬರಲ್ಲ’ ಅನ್ನುವ ಮಾತನ್ನಂತೂ ಕಸದ ಬುಟ್ಟಿಗೆ ಹಾಕಿ.

ಮಣಿಪಾಲದ ಪಾಠ

ಈ ವಿಷಯದಲ್ಲಿ ಜಗತ್ತೇ ಉಲ್ಲೇಖಿಸುವ ಅಧ್ಯಯನ ನಡೆದದ್ದು ನಮ್ಮ ಮಣಿಪಾಲದಲ್ಲಿ. ಡಾ. ಯು.ಬಿ. ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ ಸುಮಾರು 2,300 ಮಕ್ಕಳ ಹೆಜ್ಜೆ ಗುರುತು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. ಬೂಟು, ಚಪ್ಪಲಿ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6, ಬರಿಗಾಲಿನವರಲ್ಲಿ ಶೇ 2.8. ಮುಂಭಾಗ ಮುಚ್ಚಿದ ಬೂಟಿನವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಕೀಲು ಸಡಿಲವಿದ್ದ ಮಕ್ಕಳಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಂಡಿತ್ತು. 1995ರಲ್ಲಿ ಪ್ರಕಟವಾದ ದೊಡ್ಡವರ ಅಧ್ಯಯನದಲ್ಲೂ ಆರು ವರ್ಷಕ್ಕೆ ಮುಂಚೆಯೇ ಬೂಟು ಹಾಕಲು ಶುರುಮಾಡಿದವರಲ್ಲಿ ಚಪ್ಪಟೆ ಪಾದ ಜಾಸ್ತಿ ಇತ್ತು.

ಅಂದರೆ, ತೋಟದ ಮೆತ್ತನೆ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದ ನಮ್ಮ ಅಜ್ಜಿಯರ ಪಾದಕ್ಕೆ ಪುಕ್ಕಟೆ ವ್ಯಾಯಾಮ ಸಿಗುತ್ತಿತ್ತು. ಮೂರು ವರ್ಷಕ್ಕೇ ಬಿಗಿ ಬೂಟು ತೊಡಿಸಿ ಪ್ರೀಕೆಜಿಗೆ ಕಳಿಸುವ ನಾವು ಸ್ವಲ್ಪ ಯೋಚಿಸಬೇಕು. ರಜೆಗೆ ಚಿಕ್ಕನಾಯಕನಹಳ್ಳಿಗೋ ತಿಪಟೂರಿಗೋ ಹೋದಾಗ, ಮುಳ್ಳು, ಗಾಜಿಲ್ಲದ ಜಾಗ ನೋಡಿ ಮಕ್ಕಳನ್ನು ಬರಿಗಾಲಲ್ಲಿ ಬಿಡಿ. ಆದರೆ ಈಗಾಗಲೇ ನೋವಿರುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಅನ್ವಯಿಸುವುದಿಲ್ಲ.

ಮನೆಯಲ್ಲೇ ನೋಡಿಕೊಳ್ಳಿ

* ಒದ್ದೆ ಕಾಲಲ್ಲಿ ನಡೆದು ಗುರುತು ನೋಡಿ. ಆಮೇಲೆ ತುದಿಗಾಲಲ್ಲಿ ನಿಲ್ಲಿ. ಆಗ ಕಮಾನು ಮೂಡಿದರೆ ಪಾದ ಬಾಗುವಂಥದ್ದು, ಚಿಂತೆಯಿಲ್ಲ. ಮೂಡದೆ ಬಿರುಸಾಗಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.

* ಹೆಬ್ಬೆರಳು ಮುಂಗೈಗೆ ತಾಗುತ್ತದೆಯೇ? ಕಿರುಬೆರಳು ಹಿಂದಕ್ಕೆ ಲಂಬಕೋನ ದಾಟಿ ಬಾಗುತ್ತದೆಯೇ? ಮೊಣಕೈ, ಮಂಡಿ ಹಿಂದಕ್ಕೆ ಬಾಗುತ್ತವೆಯೇ? ಎಡಕ್ಕೊಂದು, ಬಲಕ್ಕೊಂದು ಅಂಕ ಕೊಡಿ. ಮಂಡಿ ಬಗ್ಗಿಸದೆ ಅಂಗೈ ನೆಲಕ್ಕೆ ಪೂರ್ತಿ ತಾಗಿದರೆ ಇನ್ನೊಂದು. ಒಟ್ಟು 9. ಇದಕ್ಕೆ ‘ಬೈಟನ್ ಅಂಕ’ ಅನ್ನುತ್ತಾರೆ. ಮಕ್ಕಳಿಗೆ 6, ದೊಡ್ಡವರಿಗೆ 5 ಅಥವಾ ಹೆಚ್ಚು ಬಂದರೆ ಕೀಲು ಸಡಿಲವೆಂದು ಲೆಕ್ಕ. ಇದರಲ್ಲಿ ಕಣಕಾಲು ಸೇರಿಲ್ಲ, ಹಾಗಾಗಿ ಪದೇಪದೇ ಹೊರಳುವ ಕಾಲನ್ನು ಬೇರೆಯಾಗಿಯೇ ಗಮನಿಸಿ.

ಏನು ಮಾಡಬೇಕು?

ಸಡಿಲ ಕೀಲನ್ನು ಇನ್ನೂ ಎಳೆದು ಬಳುಕಿಸಿ ‘ನೋಡಿ ಹೇಗೆ ಬಾಗುತ್ತೆ’ ಅಂತ ತೋರಿಸುವುದು ಬೇಡ. ಬೇಕಾದದ್ದು ಬಲ. ಕಾಫಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಸಾಕು.

* ಅಡುಗೆ ಕಟ್ಟೆ ಹಿಡಿದು ಎರಡೂ ಹಿಮ್ಮಡಿ ನಿಧಾನ ಎತ್ತಿ, ಇನ್ನೂ ನಿಧಾನ ಇಳಿಸಿ. ಹತ್ತು ಸಲ.

* ಬೆರಳು ಮಡಚದೆ, ಪಾದದ ಮುಂಭಾಗವನ್ನು ಹಿಮ್ಮಡಿಯತ್ತ ಎಳೆದು ಕಮಾನು ಎತ್ತಿ. ಐದು ಎಣಿಸಿ ಬಿಡಿ.

* ಒಂಟಿ ಕಾಲಲ್ಲಿ ಅರ್ಧ ನಿಮಿಷ ನಿಲ್ಲಿ. ಕಟ್ಟೆ ಕೈಗೆಟುಕುವಂತಿರಲಿ. ಕಣಕಾಲಿಗೆ ತಾನು ಎಲ್ಲಿದ್ದೇನೆಂಬ ಅರಿವು ಬಂದರೆ ಹೊರಳುವುದು ತಗ್ಗುತ್ತದೆ.

ಫಲ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ವಾರಕ್ಕೇ ಕೈಬಿಡಬೇಡಿ.

ಪಾದರಕ್ಷೆಗೆ ಹಿಂದೆ ಪಟ್ಟಿ ಇರಲಿ, ಹಿಮ್ಮಡಿ ಹಿಡಿಯುವ ಭಾಗ ಗಟ್ಟಿಯಿರಲಿ, ಬೆರಳಿನ ಬುಡದಲ್ಲಿ ಮಾತ್ರ ಬಾಗಲಿ. ಹವಾಯಿ ಚಪ್ಪಲಿಯಲ್ಲಿ ಮಾರ್ಕೆಟ್ ಸುತ್ತಬೇಡಿ. ದಿನವಿಡೀ ಟೈಲ್ಸ್, ಗ್ರಾನೈಟ್ ಮೇಲೆ ನಿಂತು ನೋವಾದರೆ ಮನೆಯೊಳಗೆಂದೇ ಒಂದು ಜೊತೆ ಬೇರೆ ಇಟ್ಟುಕೊಳ್ಳಿ. ದೇವರ ಮನೆ ಹೊರಗೆ ಬಿಟ್ಟರಾಯಿತು, ಅತ್ತೆಯವರೂ ಬೇಡ ಅನ್ನಲಾರರು. ಬೂಟಿನೊಳಗಿನ ಮೆತ್ತೆ ನೋವು ತಗ್ಗಿಸಬಹುದು, ಆದರೆ ಕಮಾನು ಬೆಳೆಸುತ್ತದೆ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಕಾಲು ಉಳುಕಿದರೆ ಮೊದಲ ಎರಡು ದಿನ ಬಿಸಿ ಎಣ್ಣೆ ಹಾಕಿ ತೀಡಿಸುವುದು, ಎಳೆಸುವುದು ಬೇಡ. ಬಟ್ಟೆ ಸುತ್ತಿದ ಐಸ್ ಇಟ್ಟು, ಪಟ್ಟಿ ಕಟ್ಟಿ, ಕಾಲು ಎತ್ತರದಲ್ಲಿಡಿ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಎಕ್ಸ್-ರೇ ಬೇಕೇ ಬೇಕು.

ತಡ ಮಾಡಬೇಡಿ

ನಲವತ್ತು ದಾಟಿದ ಮೇಲೆ ಒಂದೇ ಪಾದ ಹೊಸದಾಗಿ ಚಪ್ಪಟೆಯಾದರೆ, ಕಣಕಾಲಿನ ಒಳಬದಿ ಊದಿಕೊಂಡು ನೋಯುತ್ತಿದ್ದರೆ, ಆ ಒಂಟಿ ಕಾಲಿನ ತುದಿಯಲ್ಲಿ ನಿಲ್ಲಲಾಗದಿದ್ದರೆ, ಕಮಾನನ್ನು ಹಿಡಿದಿಡುವ ಸ್ನಾಯುರಜ್ಜು ಸವೆಯುತ್ತಿರಬಹುದು. ತೂಕ, ಬಿಪಿ, ಸಕ್ಕರೆ ಇರುವ ಹೆಂಗಸರಲ್ಲಿ ಇದು ಹೆಚ್ಚು. ಬೇಗ ಹಿಡಿದರೆ ಆಧಾರ ಪಟ್ಟಿ, ವ್ಯಾಯಾಮದಲ್ಲೇ ಮುಗಿಯಬಹುದು. ತಡವಾದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಬಸುರಿನಲ್ಲಿ ಪಾದ ಕುಸಿದು ಚಪ್ಪಲಿ ಅಳತೆ ಬದಲಾಗುವುದೂ ಉಂಟು. ಹಳೆ ಅಳತೆಯಲ್ಲೇ ಕಾಲು ತುರುಕಬೇಡಿ. ಮಕ್ಕಳಿಗೆ ಕೀಲು ಪದೇಪದೇ ಜಾರಿದರೆ, ಚರ್ಮ ಅತಿಯಾಗಿ ಹಿಗ್ಗಿದರೆ ವೈದ್ಯರಿಗೆ ಹೇಳಲೇಬೇಕು.

ಮನೆಮಂದಿಗೆಲ್ಲ ಬಡಿಸಿ, ಕೊನೆಗೆ ಸೋಫಾ ಮೇಲೆ ಕೂತು ಹಿಮ್ಮಡಿ ಒತ್ತಿಕೊಳ್ಳುವ ಅಭ್ಯಾಸ ನಮ್ಮದು. ನಮ್ಮ ನೋವನ್ನು ನಾವೇ ಲೆಕ್ಕಕ್ಕೆ ಇಡದಿದ್ದರೆ ಮಗಳ ನೋವೂ ನಮಗೆ ಸೋಮಾರಿತನವಾಗಿಯೇ ಕಾಣುತ್ತದೆ. ನಾಳೆ ಸ್ನಾನ ಮಾಡಿ ಬರುವಾಗ ಒಮ್ಮೆ ಹಿಂತಿರುಗಿ ನಿಮ್ಮ ಹೆಜ್ಜೆ ನೋಡಿ. ಆಮೇಲೆ ಮಗಳದ್ದನ್ನೂ ನೋಡಿ. ಬೈಗುಳ ತಾನಾಗಿಯೇ ನಿಲ್ಲುತ್ತದೆ.